ಹುಳ ಮಲಗಿದ ಮನೆ

"ಹೊಸಿಲು ದಾಟಿದ್ರೆ ಕಾಲು ಮುರೀತೀನಿ!"

ಓಬಳಮ್ಮ ಬಾಗಿಲಿಗೆ ಒನಕೆಯನ್ನು ಅಡ್ಡ ಹಿಡಿದಳು. ಜಗಲಿಯ ಮೇಲೆ ಸೊಸೆ ಅಮ್ಮಾಜಮ್ಮ, ನಾಲ್ಕು ವರ್ಷದ ಮಗಳು ಅಕ್ಕಯ್ಯಮ್ಮನನ್ನು ಎರಡೂ ತೋಳಿನ ಮೇಲೆ ಮಲಗಿಸಿಕೊಂಡು ನಿಂತಿದ್ದಳು. ಮಗುವಿನ ಹೊಟ್ಟೆಯ ಸುತ್ತ ದಪ್ಪ ಪಟ್ಟಿ. ಗಂಟುಬಿದ್ದಿದ್ದ ಕರುಳನ್ನು ಚಿಕ್ಕಬಳ್ಳಾಪುರದ ಡಾಕ್ಟರು ಕೊಯ್ದು ಬಿಡಿಸಿ, ಹೊಲಿದು, ಗಾಯಕ್ಕೆ ಧೂಳು ತಾಗಬಾರದು, ನೊಣ ಕೂರಬಾರದು ಎಂದು ಎಚ್ಚರಿಸಿ ಕಳಿಸಿದ್ದರು. ಶಿಡ್ಲಘಟ್ಟದವರೆಗೆ ಬಸ್ಸು, ಅಲ್ಲಿಂದ ಊರಿಗೆ ಉರಿಬಿಸಿಲಲ್ಲಿ ನಡಿಗೆ.

"ಅತ್ತೆ, ಮಗು ಬಾಡೋಗಿದೆ... ದಾರಿ ಬಿಡಿ."

"ಅಲ್ಲೇ ನಿಂತ್ಕೊಳ್ಳೇ! ಆಸ್ಪತ್ರೆ ವಾಸನೆ ಇಲ್ಲೀವರ್ಗೂ ಹೊಡೀತಿದೆ. ಒಳಗೆ ಹುಳ ಹಣ್ಣಾಗೋ ಹೊತ್ತು. ಈ ಔಷಧಿ ಗಾಳಿ ತಗುಲಿದ್ರೆ ಒಂದಾದ್ರೂ ಗೂಡು ಕಟ್ತದಾ? ಅಯ್ಯೋ ದೇವುಡಾ, ಮನೆ ಹಾಳು ಮಾಡಕ್ಕೇ ಬಂದಿದ್ದಾಳಲ್ಲಪ್ಪ!"

ರೇಷ್ಮೆಹುಳು ಮೇಯುವ ಕಾಲದಲ್ಲಿ ಆ ಮನೆಯಲ್ಲಿ ಒಗ್ಗರಣೆ ಹಾಕುತ್ತಿರಲಿಲ್ಲ, ಬೀಡಿ ಹಚ್ಚುತ್ತಿರಲಿಲ್ಲ, ಮುಟ್ಟಾದವರು ಬಾಗಿಲ ಬಳಿ ಸುಳಿಯುತ್ತಿರಲಿಲ್ಲ. ಏಳಂಕಣದ ಮನೆಯನ್ನು ಪೂರ್ತಿ ಹುಳುಗಳಿಗೆ ಬಿಟ್ಟುಕೊಟ್ಟು ಮನುಷ್ಯರು ಮೂಲೆಗಳಲ್ಲಿ ಪಿಸುಗುಟ್ಟುತ್ತ ಬದುಕುತ್ತಿದ್ದರು. ಅದಕ್ಕೆ ಮಡಿ ಎಂಬ ದೊಡ್ಡ ಹೆಸರು ಬೇರೆ! ಊರ ಪಂಚಾಯಿತಿಯಲ್ಲಿ ತೊಡೆ ತಟ್ಟಿ ಮಾತಾಡುವ ಮುನಿನಾರಾಯಣಪ್ಪ, ಅಮ್ಮಾಜಮ್ಮನ ಗಂಡ, ಈಗ ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಕೊಚ್ಚುವ ಮಚ್ಚು ಹಿಡಿದು ತಾಯಿಯ ಬೆನ್ನ ಹಿಂದೆ ನಿಂತಿದ್ದ.

"ಏನಂದ್ರೆ... ನೀವಾದ್ರೂ ಹೇಳಿ."

"ಅಮ್ಮ ಹೇಳೋದೂ ಸರೀನೇ ಅಮ್ಮಾಜಿ. ನಾಲ್ಕು ದಿನ ಹುಲ್ಲಿನ ಕೊಟ್ಟಿಗೇಲಿ ಇದ್ದುಬಿಡು. ಹುಳ ಗೂಡಿಗೆ ಕೂತ ತಕ್ಷಣ ನಾನೇ ಬಂದು ಕರ್ಕೊಂಡೋಗ್ತೀನಿ."

ಅಮ್ಮಾಜಮ್ಮ ಹೋದಳು. ಎದುರು ಮಾತಾಡುವುದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ.

ಕೊಟ್ಟಿಗೆಯಲ್ಲಿ ರಾಗಿಹುಲ್ಲಿನ ಧೂಳು, ಎಮ್ಮೆಯ ಗಂಜಲ, ನೊಣ. ತನ್ನ ಸೀರೆಯನ್ನೇ ಹರಿದು ಕುದಿಸಿ ಪಟ್ಟಿ ಕಟ್ಟಿದಳು; ಹಗಲೆಲ್ಲ ಸೆರಗಿನಿಂದ ನೊಣ ಓಡಿಸಿದಳು. ಗಂಡ ಮುದ್ದೆಯ ತಟ್ಟೆಯನ್ನು ಬಾಗಿಲಾಚೆ ಇಟ್ಟು, ಹಿಂದಿರುಗಿ ನೋಡದೆ ಬಾವಿಗೆ ಹೋಗಿ ತಲೆಗೆ ನೀರು ಸುರಿದುಕೊಳ್ಳುತ್ತಿದ್ದ. ಸತ್ತವರ ಮನೆಗೆ ಹೋಗಿ ಬಂದವನಂತೆ!

"ಅಮ್ಮ, ಅಪ್ಪ ಯಾಕೆ ಒಳಗೆ ಬರಲ್ಲ?"

"ಹುಳಕ್ಕೆ ಆಗಲ್ಲ ಕಣಮ್ಮ."

"ನನ್ನ ಕಂಡ್ರೆ ಆಗಲ್ವಾ?"

"ನಿನ್ನ ಕಂಡ್ರೆ ಅಲ್ಲ ಕಂದ..." ಅಮ್ಮಾಜಮ್ಮ ಪಟ್ಟಿಯ ಮೇಲೆ ಕೂರಲು ಬಂದ ನೊಣವನ್ನು ಓಡಿಸಿದಳು.

ಮೂರನೆಯ ಬೆಳಿಗ್ಗೆ ಪಟ್ಟಿ ಬಿಚ್ಚಿದರೆ ಕೀವು. ಹೊಟ್ಟೆ ತಮಟೆಯಂತೆ ಬಿಗಿದಿತ್ತು. ಮಗುವಿನ ಮೈ ಕೆಂಡ. ಅಮ್ಮಾಜಮ್ಮ ಅಂಗಳದಲ್ಲಿ ನಿಂತು ಗಾಡಿ ಕಟ್ಟಿಸಿ ಎಂದು ಕೂಗಿಕೊಂಡಳು.

"ಗಾಡಿ ಸೊಪ್ಪಿಗೆ ಹೋಗಿದೆ," ಎಂದಳು ಓಬಳಮ್ಮ ಒಳಗಿನಿಂದಲೇ. "ಮಕ್ಳಿಗೆ ಮೈ ಬಿಸಿ ಆಗೋದು ಹೊಸದೇನೇ? ಮೆಲ್ಲಗೆ ಮಾತಾಡು, ಹುಳ ಮೇಯ್ತಾ ಇವೆ."

ಅಮ್ಮಾಜಮ್ಮ ಮತ್ತೆ ಕೂಗಲಿಲ್ಲ. ಮಗುವನ್ನು ಹೊತ್ತು, ಬಸ್ಸು ಹಿಡಿಯಲು ಶಿಡ್ಲಘಟ್ಟದ ರಸ್ತೆಗೆ ಓಡಿದಳು.

ಚಿಕ್ಕಬಳ್ಳಾಪುರದಲ್ಲಿ ಡಾಕ್ಟರು ಪಟ್ಟಿ ಬಿಚ್ಚಿದವರೇ ಕಿರುಚಿದರು. "ಎಲ್ಲಿ ಮಲಗಿಸಿದ್ದೆ ಈ ಮಗೂನ?"

"ಹುಲ್ಲಿನ ಕೊಟ್ಟಿಗೇಲಿ ಸ್ವಾಮಿ."

"ಮನೆ ಇಲ್ವೇನಮ್ಮ ನಿಂಗೆ?"

"ಇದೆ. ಏಳಂಕಣದ ಮನೆ. ಅಲ್ಲಿ ಹುಳ ಮಲಗಿವೆ."

ಡಾಕ್ಟರು ಮಗುವನ್ನು ಎತ್ತಿಕೊಂಡು ಒಳಗೆ ನಡೆದರು.

ಕೊಳೆತ ಕರುಳಿನ ತುಂಡನ್ನು ಕತ್ತರಿಸಿ ತೆಗೆಯಬೇಕಾಯಿತು. ಹೊಟ್ಟೆಯ ಪಕ್ಕದಲ್ಲಿ ತೂತು ಮಾಡಿ ಮಲಕ್ಕೆ ಬೇರೆ ದಾರಿ ಬಿಟ್ಟರು. ಕೆಲವು ತಿಂಗಳಾದ ಮೇಲೆ ಮತ್ತೆ ಕೊಯ್ದು ಅದನ್ನು ಮುಚ್ಚಬೇಕು. ಅಲ್ಲಿಯವರೆಗೆ ಶುಚಿಯಾದ ಜಾಗ ಬೇಕು, ಇನ್ನೊಮ್ಮೆ ಕೀವಾದರೆ ಮಗು ಉಳಿಯುವುದಿಲ್ಲ. ಇಷ್ಟನ್ನು ಡಾಕ್ಟರು ಬಿಡಿಸಿ ಹೇಳಿದರು. ಪೆನ್ಸಿಲಿನ್ ಸೂಜಿಗೆ ಅಕ್ಕಯ್ಯಮ್ಮ ಮೊದಮೊದಲು ಚೀರುತ್ತಿದ್ದಳು. ಆಮೇಲೆ ನರ್ಸಮ್ಮನನ್ನು ಕಂಡರೆ ತಾನೇ ತಿರುಗಿ ಮಲಗುತ್ತಿದ್ದಳು... ಆ ಚೀರಾಟವನ್ನಾದರೂ ಸಹಿಸಬಹುದಿತ್ತು!

ಗೂಡೆಲ್ಲ ಮಾರಾಟವಾದ ಮೇಲೆ ತಾಯಿ, ಮಗ ವಾರ್ಡಿಗೆ ಬಂದರು. ಫಿನಾಯಿಲಿನ ವಾಸನೆಗೆ ಓಬಳಮ್ಮ ಮೂಗಿಗೆ ಸೆರಗು ಹಿಡಿದೇ ಇದ್ದಳು. ಮೊಮ್ಮಗಳಿಗೆಂದು ಬೆಳ್ಳಿಯ ಉಡಿದಾರ ತಂದಿದ್ದಳು. ಕೊಯ್ದ ಹೊಟ್ಟೆಯ ಮೇಲೆ ಅದನ್ನು ಎಲ್ಲಿ ಕಟ್ಟುವುದೆಂದು ಇಬ್ಬರಿಗೂ ಹೊಳೆದಿರಲಿಲ್ಲ.

"ಬಾರಮ್ಮ ಅಮ್ಮಾಜಿ, ಆಗಿದ್ದು ಆಗೋಯ್ತು. ನಡುಮನೇನೇ ನಿಮ್ಮಿಬ್ರಿಗೆ ಬಿಟ್ಟುಕೊಡ್ತೀನಿ. ಸಾರಿಸಿ, ಗೋಡೆಗೆಲ್ಲ ಸುಣ್ಣ ಹೊಡೆಸಿದ್ದೀನಿ."

"ಸುಣ್ಣ ಯಾರಿಗೆ ಅಂತ ಹೊಡೆಸಿದ್ರಿ ಅತ್ತೆ?"

ಓಬಳಮ್ಮ ಮಗನ ಮುಖ ನೋಡಿದಳು.

"ಮುಂದಿನ ಹುಳದ ಮೊಟ್ಟೆ ಯಾವಾಗ ತರ್ತೀರಿ?" ಅಮ್ಮಾಜಮ್ಮ ಗಂಡನನ್ನು ಕೇಳಿದಳು.

"ಉಗಾದಿ ಆದ್ಮೇಲೆ..."

"ಆವಾಗ ನಾವೆಲ್ಲಿ ಇರಣ?"

"ಅದು... ಆವಾಗ ನೋಡಣ ಬಿಡು..."

"ಏನೇ ಪೊಗರು ನಿಂದು!" ಓಬಳಮ್ಮ ಮೂಗಿಗೆ ಹಿಡಿದಿದ್ದ ಸೆರಗು ಬಿಟ್ಟೇಬಿಟ್ಟಳು. "ಬರ್ದೆ ಎಲ್ಲಿಗೋಗ್ತೀಯೇ? ಗೌರಿಬಿದನೂರಲ್ಲಿ ನಿನ್ ತಮ್ಮನ ಒಂದು ಕೋಣೆಗಾ? ಸ್ಟೇಷನ್ ಪಕ್ಕ ರೈಲಿನ ಹೊಗೆ ಕುಡ್ಕೊಂಡು ಸಾಯಕ್ಕಾ?"

"ಹೂಂ ಅತ್ತೆ. ಅವನು ನಿನ್ನೆ ಬಂದು ಹೇಳಿ ಹೋದ, ಕೋಣೆ ತೊಳೆದಿಟ್ಟಿದ್ದಾನೆ. ಆ ಹೊಗೇಲಿ ಹುಳ ಬದುಕಲ್ಲ. ನಮಗೆ ಅದೇ ವಾಸಿ."

ಮುನಿನಾರಾಯಣಪ್ಪ ಗಳಗಳನೆ ಅತ್ತುಬಿಟ್ಟ. "ನನ್ ಮುಖ ನೋಡಾದ್ರೂ ಬಾ ಅಮ್ಮಾಜಿ... ಊರಲ್ಲಿ ಜನ ಏನಂತಾರೆ... ನಾನು ತಲೆ ಎತ್ಕೊಂಡು ಓಡಾಡೋದು ಹೆಂಗೆ?"

ಅಳುವಾಗಲೂ ಅವನಿಗೆ ನೆನಪಾದದ್ದು ಊರು! ಅವನು ತಾಯಿಯ ಕೈಯಿಂದ ಉಡಿದಾರ ತೆಗೆದುಕೊಂಡು ಹೆಂಡತಿಯ ಅಂಗೈಗೆ ತುರುಕಿದ. ಅಮ್ಮಾಜಮ್ಮ ಅದನ್ನು ಹಾಗೆಯೇ ಅವನ ಜೇಬಿಗೆ ಇಳಿಬಿಟ್ಟು, ಮಗಳ ಹೊಟ್ಟೆಯ ಬಟ್ಟೆ ಬದಲಿಸಲು ಬಗ್ಗಿದಳು.

"ಬೇಡ. ನಾವು ಬರಲ್ಲ."