ಕಲ್ಲಂಗಡಿ ವಾಸನೆಯ ಹೊಗೆ

"ಲೈಟರ್ ಹಚ್ಚಬೇಡ!" ಎಂದು ಕೂಗಿದೆ.

ಹಿಂಬಾಗಿಲಲ್ಲಿ ನಿಂತಿದ್ದ ಹುಡುಗ ನಕ್ಕ. ಕೈಯಲ್ಲಿ ಲೈಟರ್, ಕಾಲ ಬಳಿ ಖಾಲಿ ಕ್ಯಾನ್. ಡ್ಯಾಂಡೆನಾಂಗ್ ಪೇಟೆಯ ಆ ಸಿಗರೇಟ್ ಅಂಗಡಿಯ ನೆಲವೆಲ್ಲಾ ಪೆಟ್ರೋಲ್... ನನ್ನ ಶೂ ಕೂಡ!

"ಯಾರೋ ನೀನು, ಮುದುಕ?"

"ಡೂಲನ್. ಪ್ರೈವೇಟ್ ಡಿಟೆಕ್ಟಿವ್. ನಂಗೆ ನೀವು ಮಾರೋ ಎಲೆಕ್ಟ್ರಾನಿಕ್ ಸಿಗರೇಟು, ಒಂದೇ ಒಂದು ವೇಪ್ ಬೇಕು. ಕಲ್ಲಂಗಡಿ ಫ್ಲೇವರ್. ಅದನ್ನ ಕೊಟ್ಬಿಡು, ಆಮೇಲೆ ಅಂಗಡಿ ಸುಟ್ಕೋ."

"ಸ್ಟಾಕ್ ಪೂರ್ತಿ ಸುಡು ಅಂದಿದಾರೆ ಬಾಸ್. ಪೊಲೀಸ್ರಿಗೆ ಒಂದೂ ಸಿಗ್ಬಾರ್ದು!"

ಇದೇ ಅಂಗಡಿಯ ಕಳ್ಳಮಾಲು ವೇಪ್ ಎಳೆದು ನನ್ನ ತಂಗಿಯ ಮಗಳು ಬ್ರೀ ಐಸಿಯುನಲ್ಲಿ ಮಲಗಿದ್ದಳು. ಹದಿನಾರು ವರ್ಷದ ಹುಡುಗಿ. ಶಾಲೆಯಲ್ಲಿ ಸಸ್ಪೆಂಡ್ ಮಾಡುತ್ತಾರೆಂಬ ಭಯಕ್ಕೆ ಗೆಳತಿಯರು ಅವಳ ವೇಪನ್ನು ಎಲ್ಲೋ ಎಸೆದುಬಿಟ್ಟಿದ್ದರು. ಪುಣ್ಯಾತ್ಗಿತ್ತಿಯರು!

ಡಾಕ್ಟರ್ ಪಾಪಾಸ್ ಬೆಳಿಗ್ಗೆಯೇ ಹೇಳಿದ್ದರು: "ಎರಡೂ ಶ್ವಾಸಕೋಶ ಕಟ್ಟಿಕೊಂಡಿದೆ. ಸೋಂಕೋ, ವೇಪ್‌ನಲ್ಲಿರೋ ಎಣ್ಣೆಯೋ ಗೊತ್ತಾಗ್ತಿಲ್ಲ. ಔಷಧಿ ತಪ್ಪಾದ್ರೆ ಹುಡುಗಿ ಕೈಬಿಟ್ಟು ಹೋಗ್ತಾಳೆ. ಅದೇ ಮಾಲು ತಂದ್ಕೊಡಿ, ಡೂಲನ್!"

ಲೈಟರ್ ಹೊತ್ತಿಕೊಂಡಿತು.

ನಾನು ಮುಂಬಾಗಿಲಿಗೆ ಹಾರಿದೆ. ಹಿಂದೆ ಧಗ್! ಗಾಜು ಪುಡಿಪುಡಿ. ಸ್ಟಾಕೆಲ್ಲಾ ಬೂದಿ... ಬ್ರೀ ಇನ್ನು ನಮಗಿಲ್ಲ ಎನಿಸಿತು.

ಅಷ್ಟರಲ್ಲಿ ಪಕ್ಕದ ಓಣಿಯಿಂದ ಆ ಲೈಟರ್ ಹುಡುಗ ಹೊರಬಂದ. ಬಾಯಲ್ಲಿ ಗುಲಾಬಿ ಬಣ್ಣದ ವೇಪ್. ಅವನು ಬಿಟ್ಟ ಹೊಗೆ ನನ್ನ ಮೂಗಿಗೆ ಬಡಿಯಿತು.

ಕಲ್ಲಂಗಡಿ!

"ನಿಲ್ಲೋ!"

ಓಡಿದ. ನಾನೂ ಓಡಿದೆ. ಮೂವತ್ತು ವರ್ಷ ಸಿಗರೇಟು ಸೇದಿದ ಎದೆ ಎರಡನೇ ಬೀದಿಗೇ ಸೀಟಿ ಹೊಡೆಯತೊಡಗಿತು. ಕಾರುಗಳ ನಡುವೆ ನುಗ್ಗಿದ. ನುಗ್ಗಿದೆ. ಒಬ್ಬ ಡ್ರೈವರ್ ನನ್ನ ಅಮ್ಮನನ್ನು ಬೈದ. ಮುಂದೆ ರೈಲ್ವೆ ಸ್ಟೇಷನ್ನಿನ ಮೆಟ್ಟಿಲು... ಮೇಲೆ ರೈಲು ಬಂದು ನಿಂತಿತ್ತು. ಹತ್ತಿಬಿಟ್ಟರೆ ಹೋಯಿತು!

ಅರ್ಧ ಮೆಟ್ಟಿಲು ಹತ್ತಿದವನು ಕುಸಿದು ಕೂತ. ವಯಸ್ಸು ಇಪ್ಪತ್ತೆರಡು ದಾಟಿರಲಿಕ್ಕಿಲ್ಲ. ತುಟಿ ನೀಲಿಗಟ್ಟಿತ್ತು. ಆದರೂ ಚಾಕು ತೆಗೆದ.

"ಹತ್ರ ಬಂದ್ರೆ... ಚುಚ್... ಚುಚ್ತೀನಿ..."

"ಮೊದ್ಲು ಉಸಿರಾಡೋ! ಆಮೇಲೆ ಚುಚ್ಚುವಂತೆ."

ಚಾಕು ಜಾರಿ ಬಿತ್ತು. ನಾನು ಕೈಕಾಲೂರಿ ಹತ್ತಿ ಅವನ ಮುಷ್ಟಿಯಿಂದ ವೇಪ್ ಕಿತ್ತುಕೊಂಡೆ. ಮಾತು ಹೊರಡಲು ನನಗೂ ಇನ್‌ಹೇಲರ್ ಬೇಕಾಯಿತು. ಆಮೇಲೆ ಆಂಬುಲೆನ್ಸಿಗೆ ಫೋನ್ ಮಾಡಿದೆ. ಪೊಲೀಸರಿಗೂ.

ಲ್ಯಾಬಿನವರು ಎಣ್ಣೆಯೇ ಎಂದರು. ಪಾಪಾಸ್ ಔಷಧಿ ಬದಲಿಸಿದರು. ಆ ವಾರದೊಳಗೆ ಬ್ರೀ ಟ್ಯೂಬಿಲ್ಲದೆ ಉಸಿರಾಡಿದಳು. ನಾನು ಕಾರಿಡಾರಿನಲ್ಲಿ ನಿಂತು ನಾಚಿಕೆಬಿಟ್ಟು ಅತ್ತೆ.

ಅದೇ ವಾರ್ಡಿನ ಮೂಲೆಯ ಹಾಸಿಗೆಯಿಂದ ಯಾರೋ ಕೈ ಬೀಸಿದರು. ನನ್ನ ಲೈಟರ್ ಹುಡುಗ! ಪಕ್ಕದಲ್ಲೊಬ್ಬ ಪೊಲೀಸ್. ಆಕ್ಸಿಜನ್ ಮಾಸ್ಕ್ ಸರಿಸಿ ಪಿಸುಗುಟ್ಟಿದ.

"ಅಂಕಲ್... ನನ್ನ ವೇಪ್... ಒಂದೇ ಒಂದು ದಮ್ಮು..."

"ಅದು ಸಾಕ್ಷಿಯಾಗಿ ಕೋರ್ಟಿಗೆ ಹೋಯ್ತು ಕಣೋ. ಬೇಗ ಹುಷಾರಾಗು, ಅಲ್ಲೇ ನಿಂಗೂ ನೋಡೋಕೆ ಸಿಗತ್ತೆ."