ಮೇಷ್ಟ್ರ ಸ್ಕೀ ವಾರಕ್ಕೊಮ್ಮೆ ಮೊಂಡಾಗುತ್ತಿತ್ತು

ಬಾಗಿಲು ಬಡಿದ ಸದ್ದಿಗೇ ಬೆಗಾಯಿಮ್‌ಗೆ ಗೊತ್ತಾಯಿತು, ತಿಲೇಕ್ ಮೇಷ್ಟ್ರು. ಹೆಗಲ ಮೇಲೆ ಸ್ಕೀ ಜೋಡಿ, ರೆಪ್ಪೆಯ ಮೇಲೆ ಹಿಮದ ಪುಡಿ.

“ಅಂಚು ಮತ್ತೆ ಮೊಂಡಾಯ್ತು,” ಎಂದ.

“ಹೋದ ಶನಿವಾರ ತಾನೇ ಹರಿತ ಮಾಡಿ ಕೊಟ್ಟೆ? ಹಿಮದ ಮೇಲೆ ಜಾರ್ತೀರೋ, ಬಂಡೆ ಮೇಲೆ ಉಳುಮೆ ಮಾಡ್ತೀರೋ?”

ಅವನು ನಕ್ಕು, ಎಂದಿನಂತೆ ಅಡುಗೆಮನೆಯ ಕಿಟಕಿ ಪಕ್ಕ ಕೂತ. ಅವಳು ಚಹಾ ಕೊಟ್ಟಳು, ಜೊತೆಗೆ ಏಪ್ರಿಕಾಟ್ ಜಾಮ್. ಕಳೆದ ಐದು ಶನಿವಾರಗಳಿಂದ ಹೀಗೆಯೇ. ಮೇಜಿಗೆ ಬಿಗಿದ ಸ್ಕೀಯ ಉಕ್ಕಿನ ಅಂಚಿನ ಮೇಲೆ ಅವಳ ಅರ ತುದಿಯಿಂದ ಬುಡಕ್ಕೆ ಒಂದೇ ಉಸಿರಿನಲ್ಲಿ ಹರಿಯುತ್ತಿತ್ತು. ಅವಳು ತಲೆ ಎತ್ತಿದರೆ ಅವನ ಕಣ್ಣು ತಟ್ಟನೆ ಚಹಾದ ಬಟ್ಟಲಿಗೆ ಇಳಿಯುತ್ತಿತ್ತು. ಆ ಕಳ್ಳತನ ಅವಳಿಗೆ ಇಷ್ಟವಾಗುತ್ತಿತ್ತು.

ಇವತ್ತು ಮಾತ್ರ ಮನಸ್ಸು ಕಹಿಯಾಗಿತ್ತು. ಖಾಯಂ ಗಿರಾಕಿಗಳಿಬ್ಬರು ಮೆಷಿನ್‌ನಲ್ಲಿ ಹರಿತ ಮಾಡುವ ಪೇಟೆಯ ಅಂಗಡಿಗೆ ಹೋಗಿದ್ದರು. ‘ಮೇಷ್ಟ್ರೇ ವಾರ ವಾರ ಓಡ್ತಾರಂತೆ, ಅವಳ ಕೈಕೆಲಸ ಬಾಳಿಕೆ ಬರಲ್ಲ’ ಎಂದು ಕರಾಕೋಲ್ ಊರ ತುಂಬ ಮಾತಾಗಿತ್ತು.

ಅವಳು ಅಂಚಿಗೆ ಉಗುರು ಎಳೆದು ನೋಡಿದಳು. ಹರಿತವಿದ್ದರೆ ಉಗುರು ಹೆರೆಯಬೇಕಿತ್ತು, ಚೂರೂ ಹೆರೆಯಲಿಲ್ಲ. ಸ್ಕೀ ಮಗುಚಿದಳು. ಅಡಿಯಲ್ಲಿ ಒಂದು ಗೀರೂ ಇಲ್ಲ, ಅಂಚು ಮಾತ್ರ ಉದ್ದಕ್ಕೂ ಸಮನಾಗಿ ಸವೆದಿತ್ತು.

“ಇದು ಬೆಟ್ಟದಲ್ಲಿ ಸವೆದಿದ್ದಲ್ಲ. ಯಾರೋ ಕೂತ್ಕೊಂಡು ಕಲ್ಲಲ್ಲಿ ಉಜ್ಜಿದ್ದಾರೆ.”

ತಿಲೇಕನ ಕಿವಿ ಕೆಂಪಾಯಿತು. “ನಾನೇ.”

“ಯಾಕೆ?”

“ಹರಿತವಾಗೇ ಇದ್ದಿದ್ರೆ ಇಲ್ಲಿಗೆ ಏನಂತ ಬರ್ಲಿ?”

ಅವಳಿಗೆ ಒಳಗೊಳಗೇ ಖುಷಿಯಾಯಿತು. ಆದರೆ ಸಿಟ್ಟು ಅದಕ್ಕಿಂತ ದೊಡ್ಡದಿತ್ತು. “ನಿಮ್ಮ ನೆಪಕ್ಕೆ ನನ್ನ ಕೈಕೆಲಸದ ಹೆಸರು ಕೆಟ್ಟೋಯ್ತು, ಮೇಷ್ಟ್ರೇ. ಎತ್ಕೊಂಡು ಹೋಗಿ!”

ಅವನ ಮುಖ ಬಿಳಿಚಿತು. ಸ್ಕೀ ಹೆಗಲಿಗೇರಿಸಿಕೊಂಡು ಹೊರಟುಹೋದ. ಅವನ ಚಹಾದಿಂದ ಇನ್ನೂ ಹಬೆ ಏಳುತ್ತಿತ್ತು.

ಮರುದಿನ ಬೆಳಿಗ್ಗೆ ಬೆಟ್ಟ ಹತ್ತಿಸುವ ಲಿಫ್ಟ್‌ಗೆ ಟಿಕೆಟ್ ಕೊಡುವ ಶಾಯಿರ್ ಅಕ್ಕನ ಫೋನ್ ಬಂತು. “ಬೇಗ ಬಾರೇ ಹುಡುಗಿ! ನಿನ್ನ ಮೇಷ್ಟ್ರು ಲಿಫ್ಟ್ ಕ್ಯೂನಲ್ಲಿ ಒಬ್ಬೊಬ್ಬರನ್ನೂ ಹಿಡ್ಕೊಂಡು ತಪ್ಪೊಪ್ಕೊಳ್ತಿದ್ದಾರೆ!”

ಅವಳು ಹೋದಾಗ ಅವನು ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. “ಬೆಗಾಯಿಮ್ ಹರಿತ ಮಾಡಿದ್ರೆ ತಿಂಗಳುಗಟ್ಟಲೆ ನಿಲ್ಲುತ್ತೆ. ಕಲ್ಲಲ್ಲಿ ಉಜ್ಜಿ ಹಾಳು ಮಾಡಿದ್ದು ನಾನು,” ಎನ್ನುತ್ತಿದ್ದ. ಶಾಲೆಯ ಹುಡುಗಿಯರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಕಿಸಕ್ಕನೆ ನಗುತ್ತಿದ್ದರು.

“ಯಾಕೆ ಉಜ್ಜಿದ್ರಿ ಅಂತ ಹೇಳಿದ್ರಾ?” ಬೆಗಾಯಿಮ್ ಹಿಂದಿನಿಂದ ಕೇಳಿದಳು.

ಅವನು ತಿರುಗಿದ. “ಇಲ್ಲ. ಅದನ್ನ ನಿಮಗೇ ಮೊದಲು ಪೂರ್ತಿಯಾಗಿ ಹೇಳ್ಬೇಕು ಅಂತ ಉಳಿಸ್ಕೊಂಡಿದ್ದೀನಿ.”

ಲಿಫ್ಟ್‌ನ ತಂತಿಗೆ ನೇತುಬಿದ್ದ, ಇಬ್ಬರು ಕೂರುವ ಕುರ್ಚಿ ತೂಗುತ್ತ ಬಂತು. ಅವಳು ಕೂತು, ಕೋಟಿನ ಅಂಚು ಎಳೆದುಕೊಂಡು ಜಾಗ ಮಾಡಿದಳು. ಅವನು ಓಡಿ ಬಂದು ಹತ್ತಿದ. ಹಿಮ ಹೊತ್ತ ಮರಗಳು ಕಾಲ ಕೆಳಗೆ ಮೆಲ್ಲಗೆ ಇಳಿದುಹೋದವು. ದೂರದಲ್ಲಿ ಇಸ್ಸಿಕ್-ಕುಲ್ ಸರೋವರ ನೀಲಿಯ ಗೆರೆಯಾಗಿ ಹೊಳೆಯಿತು.

“ಈಗ ಹೇಳಿ. ಮೇಲೆ ಮುಟ್ಟೋಕೆ ಹತ್ತು ನಿಮಿಷ ಇದೆ.”

ಮೂರನೇ ಕಂಬ ದಾಟುವುದರೊಳಗೆ ಅವನು ಹೇಳಿ ಮುಗಿಸಿದ. ಅವಳು ಕೈಗವಸು ಕಳಚಿ, ತಣ್ಣನೆಯ ಕೈಯನ್ನು ಅವನ ಜೇಬಿನೊಳಗೆ ಇಟ್ಟಳು.