ಒಡೆಯದ ಸಂಖ್ಯೆ

ಗಂಡನ ಷರ್ಟಿನ ಕಾಲರ್‌ಗೆ ಇಸ್ತ್ರಿ ಒತ್ತುತ್ತಿದ್ದೆ. ನನ್ನ ಬೆನ್ನಿಗೆ ಪಿಸ್ತೂಲು ಒತ್ತಿತು.

"ಅಕ್ಕಾ, ಕೂಗಬೇಡಿ."

ಜೇನು!

ಹೆಸರಿಗೆ ತಕ್ಕಂತೆ ಮಾತು ಸಿಹಿ, ಕಸುಬು ಕುಟುಕುವುದು. ಹೆಂಗಸರ ಖಾಸಗಿ ವಿಡಿಯೋ ಕದ್ದು, ಅದನ್ನು ತೋರಿಸಿ ಅವರನ್ನು ಕುಣಿಸುತ್ತಾನೆ. ಒಂದು ವರ್ಷದಿಂದ ನನ್ನ ತಂಗಿಯೂ ಕುಣಿಯುತ್ತಿದ್ದಾಳೆ.

"ಪಕ್ಕಕ್ಕೆ ನಿಲ್ಲು. ಇಸ್ತ್ರಿ ಪೆಟ್ಟಿಗೆ ಬಿಸಿ ಇದೆ," ಎಂದೆ.

ನಿಜಕ್ಕೂ ಸರಿದ.

ಕಂಪ್ಯೂಟರ್ ಬೀಗಗಳನ್ನು ಪರೀಕ್ಷಿಸುವುದು ನನ್ನ ಉದ್ಯೋಗ. ಅಡುಗೆಮನೆಯ ಮೇಜೇ ಆಫೀಸು. ಜೇನು ಅದರ ಮೇಲೆ ಪೆನ್‌ಡ್ರೈವ್ ಇಟ್ಟ.

"ನನ್ನ ಸರಕೆಲ್ಲ ಇಂಟರ್ನೆಟ್‌ನಲ್ಲಿ ಒಂದೇ ಬೀಗದೊಳಗಿದೆ. ಬೇರೆ ಕಾಪಿ ಇಲ್ಲ. ಇದರಲ್ಲಿ ಅದರ ವಿಳಾಸ ಇದೆ, ಬೀಗದ ನಂಬರೂ ಇದೆ, ಆರುನೂರು ಅಂಕಿ. ಒಡೆಯುತ್ತಾ ನೋಡಿ."

"ಮಾಡಿದ್ದು ಯಾರು?"

"ನನ್ನ ಭಾಮೈದ. ಬೇರೆಯವರು ಎರಡು ಅವಿಭಾಜ್ಯ ಸಂಖ್ಯೆ ಗುಣಿಸಿ ಬೀಗ ಮಾಡ್ತಾರಂತೆ. ಗುಣಿಸಿದ್ದನ್ನ ಇವತ್ತಲ್ಲ ನಾಳೆ ಯಾರೋ ಒಡೀತಾರೆ. ಇವನು ಜಾಣ. ಒಂದೇ ಒಂದು ಅವಿಭಾಜ್ಯ ಸಂಖ್ಯೆ ಇಟ್ಟಿದ್ದಾನೆ. ಅದು ಯಾವುದರಿಂದಲೂ ಭಾಗ ಹೋಗಲ್ಲ!"

ನನ್ನ ಕೈ ನಿಂತಿತು... ಸುಟ್ಟ ವಾಸನೆ.

"ಏನಾಯ್ತು?"

"ಏನಿಲ್ಲ. ಯಜಮಾನರ ಷರ್ಟು."

"ಸುಳ್ಳು ಹೇಳಿದ್ರೆ ತಂಗಿ ವಿಡಿಯೋ ಸಂಜೆಗೆ ಊರೆಲ್ಲ ನೋಡುತ್ತೆ."

ಲ್ಯಾಪ್‌ಟಾಪ್ ತೆರೆದು ಪೆನ್‌ಡ್ರೈವ್‌ನಲ್ಲಿದ್ದುದನ್ನು ಇಳಿಸಿಕೊಂಡೆ. ಅಷ್ಟು ದೊಡ್ಡ ಸಂಖ್ಯೆಯನ್ನು ಭಾಗಿಸುತ್ತ ಕೂತರೆ ಸೂರ್ಯನೇ ಆರಿಹೋಗುತ್ತಾನೆ. ಅದಕ್ಕೆ ಸಾಕ್ಷಿಗಳನ್ನು ಕರೆಯುತ್ತೇವೆ. ಸಿಕ್ಕಸಿಕ್ಕ ಸಣ್ಣ ಸಂಖ್ಯೆಗಳನ್ನು ಹಿಡಿದು ತಂದು ವಿಚಾರಣೆ ಮಾಡುವುದು. ದೊಡ್ಡದು ಅವಿಭಾಜ್ಯದ ವೇಷ ಹಾಕಿದ್ದರೆ ಯಾವುದೋ ಒಂದು ಬಾಯಿಬಿಡುತ್ತದೆ. ಇವತ್ತು ಒಂದೂ ಬಿಡಲಿಲ್ಲ.

"ಅಪ್ಪಟ ಅವಿಭಾಜ್ಯ," ಎಂದೆ.

"ಒಡೆಯುತ್ತಾ?"

"ನನ್ನ ಮರಿಮಕ್ಕಳೂ ಒಡೆಯಲಾರರು."

"ಆಣೆ?"

"ತಂಗಿಯಾಣೆ."

ಪಿಸ್ತೂಲು ಸೊಂಟಕ್ಕೆ ಹೋಯಿತು. "ಬರ್ತೀನಿ ಅಕ್ಕಾ. ಬಾಗಿಲು ಹಾಕ್ಕೊಳ್ಳಿ, ಕಾಲ ಸರಿಯಿಲ್ಲ."

ಚಿಲಕ ಹಾಕಿದೆ. ಮತ್ತೆ ಲ್ಯಾಪ್‌ಟಾಪ್ ಮುಂದೆ ಕೂತೆ.

ನಾನು ಹೇಳಿದ್ದೆಲ್ಲ ನಿಜ, ಆ ಸಂಖ್ಯೆ ಒಡೆಯುವುದಿಲ್ಲ. ಆದರೆ ಬೀಗ ತೆರೆಯಲು ಅದನ್ನು ಒಡೆಯಬೇಕಾಗಿಯೇ ಇಲ್ಲ. ಎರಡು ಸಂಖ್ಯೆ ಗುಣಿಸಿದ ಬೀಗದಲ್ಲಿ ಕೀಲಿ ಆ ಎರಡರ ಹಿಂದೆ ಅಡಗಿರುತ್ತದೆ. ಒಡೆದು ಎರಡನ್ನೂ ಹುಡುಕಿದರೆ ಮಾತ್ರ ಕೀಲಿ. ಒಂಟಿ ಅವಿಭಾಜ್ಯದಲ್ಲಿ ಅಡಗಲು ಜಾಗವೇ ಇಲ್ಲ. ಅದರಿಂದ ಒಂದು ಕಳೆದು ಲೆಕ್ಕಕ್ಕೆ ಕೂತರೆ ಕೀಲಿ ತಾನಾಗಿ ಕೈಗೆ ಬರುತ್ತದೆ. ಭಾಮೈದ ಗಟ್ಟಿ ಗೋಡೆ ಕಟ್ಟಿ, ಬಾಗಿಲಿಗೆ ಚಿಲಕ ಇಡಲು ಮರೆತಿದ್ದ.

ಫೋನು. ತಂಗಿ.

"ಅಕ್ಕಾ, ಏನ್ಮಾಡ್ತಿದ್ದೀಯಾ?"

"ಇಸ್ತ್ರಿ."

"ನಿದ್ದೇನೇ ಬರ್ತಿಲ್ಲ ಕಣೇ..."

"ಇವತ್ತು ಬರುತ್ತೆ. ಇಡು."

ಹೇಳಬಹುದಿತ್ತು. ಹೇಳಿದರೆ ನನ್ನ ಮುಖ ನೋಡಿದಾಗಲೆಲ್ಲ ಅವಳೊಳಗೊಂದು ಪ್ರಶ್ನೆ ಏಳುತ್ತದೆ... ಅಕ್ಕ ನೋಡಿದಳಾ? ತವರಿನ ಸಲಿಗೆ ಅಲ್ಲಿಗೆ ಮುಗಿಯುತ್ತದೆ.

ಒಂದು ಕಳೆದೆ. ಬೀಗ ತೆರೆಯಿತು. ಒಳಗೆ ಎಷ್ಟೊಂದು ಹೆಂಗಸರು! ಒಂದನ್ನೂ ಬಿಚ್ಚಿ ನೋಡಬಾರದು, ಯಾರಿಗೂ ಹೇಳಬಾರದು, ಎಲ್ಲವನ್ನೂ ಅಳಿಸಬೇಕು ಎಂದು ನಿರ್ಧರಿಸಿದೆ. ಹಾಗೆಯೇ ಅಳಿಸಿದೆ. ಬೀಗ ಒಡೆಯುವುದಿಲ್ಲ ಅಂದಮೇಲೆ ಜೇನು ಹಿಡಿಯುವುದು ಕೀಲಿ ಮಾಡಿದ ಭಾಮೈದನ ಕುತ್ತಿಗೆಯನ್ನು. ಬೇರೆಯವರ ಮನೆ ಜಗಳದಲ್ಲಿ ನಾನು ತಲೆಹಾಕುವುದಿಲ್ಲ.

ಸಂಜೆ ಗಂಡ ಬಂದ. ಅವನಿಗೆ ಹೇಳಬೇಕಾದ್ದು ಒಂದೇ ಇತ್ತು.

ಕಾಲರ್ ಸುಟ್ಟಿದೆ.